ಎಮ್ಮೆಯ ಜೊತೆ ಬಂದ ಸೀರೆ

ಮೊನ್ನೆ ಸುರೇಬಾನದಿಂದ ಗಂಡ ಹೆಂಡತಿ ಇಬ್ಬರು ನಮ್ಮ ಮಣಕವನ್ನು ಕೊಳ್ಳಲು ಬಂದಿದ್ದರು. ಮಣಕ ಎಂದರೆ ಇನ್ನೂ ಈಯದ ಎಮ್ಮೆ. ನಮ್ಮದು ಈಗ ತುಂಬು ಗಬ್ಬ. ಹುಡುಗಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ಕೈತುಂಬ ಹಸಿರು ಬಳೆ. ಅವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುವಾಗ ನಾನು ಕೊಟ್ಟಿಗೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ನನ್ನ ಸೀರೆಯನ್ನು ತೆಗೆದುಕೊಂಡೆ. ಮಡಚುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ಸಗಣಿ, ಹಿಂಡಿ, ಹುಳಿ ಮಜ್ಜಿಗೆ, ಒಲೆಯ ಹೊಗೆ, ಬೆವರು ಎಲ್ಲ ಕೂಡಿದ ವಾಸನೆ. ಇದೇ ವಾಸನೆಯನ್ನು ನಾನು ಮೊದಲು ಮೂಸಿದ್ದು ಇನ್ನೊಬ್ಬಳ ಸೀರೆಯ ಮೇಲೆ. ಅದು ನೆನಪಾಗಿ ನಿಂತಲ್ಲೇ ನಗು ಬಂತು.

"ಏನಾತವಾ, ಒಬ್ಬಾಕಿನ ನಗಾಕತ್ತಿ?" ಎಂದು ಅತ್ತೆ ಒಳಗಿನಿಂದ ಕೂಗಿದರು.

ಸವದತ್ತಿಯಲ್ಲಿ, ಹೂಲಿಗೆ ಹೋಗುವ ರಸ್ತೆಯ ಅಂಚಿಗೆ ನಮ್ಮ ಮನೆ. ನಮ್ಮಲ್ಲಿ ಒಂದು ವಾದ ಆಗಾಗ ನಡೆಯುತ್ತದೆ: ಈ ಮನೆಗೆ ಕೊಂಡು ತಂದದ್ದರಲ್ಲಿ ಯಾವುದು ಭಾರಿ ಖರೀದಿ? ನಮ್ಮ ಮನೆಯವರು ತಮ್ಮ ಮೋಟರ್ ಸೈಕಲ್ಲನ್ನು ಬಿಟ್ಟುಕೊಡುವುದಿಲ್ಲ. ಅತ್ತೆ ತಾವು ಹೊಸ ಸೊಸೆಯಾಗಿದ್ದಾಗ ಕೊಂಡ ಬೀಸುವ ಕಲ್ಲನ್ನು ಮುಂದೆ ಮಾಡುತ್ತಾರೆ. ಅದರಲ್ಲಿ ಈಗ ಯಾರೂ ಏನನ್ನೂ ಬೀಸುವುದಿಲ್ಲ ಎಂಬುದು ಬೇರೆ ಮಾತು. ನಾನು ಮಾತ್ರ ಯೋಚನೆಯನ್ನೇ ಮಾಡುವುದಿಲ್ಲ. ನಮ್ಮ ಶಾಣಿ! ಬಂಗಾರದ ಅಂಗಡಿಯನ್ನೇ ಎತ್ತಿ ತಂದು ಮುಂದಿಟ್ಟರೂ ಶಾಣಿಯ ಮುಂದೆ ನನಗೆ ಅದು ಕಸ. ಶಾಣಿ ಎಂದರೆ ನಮ್ಮ ಎಮ್ಮೆ.

ಆರೇಳು ವರ್ಷದ ಹಿಂದಿನ ಶ್ರಾವಣ ಅದು. ಆಗ ನಮ್ಮ ಮನೆಯಲ್ಲಿ ಪಾಕೀಟು ಹಾಲು. ನಮ್ಮ ಮನೆಯವರದು ಕಿರಾಣಿ ಅಂಗಡಿ, ಪಾಕೀಟನ್ನು ಅವರೇ ಮಾರುತ್ತಿದ್ದರು, ಸಂಜೆಗೆ ಉಳಿದದ್ದು ಮನೆಗೆ ಬರುತ್ತಿತ್ತು. ನಾನು ಸುರೇಬಾನದ ಒಕ್ಕಲುತನದ ಮನೆಯಲ್ಲಿ ಎಮ್ಮೆಗಳ ನಡುವೆಯೇ ಬೆಳೆದವಳು. ರೊಟ್ಟಿಯ ಮೇಲೆ ಹಾಕಿದರೆ ಕದಲದೆ ಕೂಡುವ ಮೊಸರು ತಿಂದ ನಾಲಿಗೆಗೆ ಆ ಪಾಕೀಟು ಹಾಲಿನ ಚಹಾ ಪಾತ್ರೆ ತೊಳೆದ ನೀರಿನ ಹಾಗೆ ಅನ್ನಿಸುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಮೊಸರು ಒಂದು ನೆಪ. ಅಂಗಡಿ ಅವರದು, ಮನೆ ಅತ್ತೆಯದು, ಹೊಲಿಗೆ ಮಷೀನು ಸಹ ತವರಿನವರು ಕೊಟ್ಟದ್ದು. ನಾನೇ ಯೋಚಿಸಿ, ನಾನೇ ಆರಿಸಿ, ನಾನೇ ಕೊಂಡದ್ದು ಎನ್ನುವಂಥ ಒಂದು ಜೀವಮಾನದ ವಸ್ತು ನನಗೆ ಬೇಕಿತ್ತು. ಜಂಪರು ಹೊಲಿದು ಉಳಿಸಿದ ದುಡ್ಡು ಸಾಕಷ್ಟು ಆಗಿತ್ತು. ಹೂಲಿಯಿಂದ ಜಂಪರು ಹೊಲಿಸಲು ಬರುತ್ತಿದ್ದ ಹೆಂಗಸೊಬ್ಬಳು, ತಮ್ಮೂರಿನ ನೀಲವ್ವ ಎಮ್ಮೆ ಮಾರುತ್ತಾಳೆ, ಆದರೆ ಎಲ್ಲರಿಗೂ ಕೊಡುವುದಿಲ್ಲ ಎಂದು ಹೇಳಿದಳು. ಆ ಮಾತೇ ನನಗೆ ಹಿಡಿಸಿತು.

ಹೂಲಿಯ ಹಳೆಯ ಗುಡಿಗಳ ಹಿಂದೆ, ಕೆರೆಯ ಕಡೆಗೆ ನೀಲವ್ವನ ಮನೆ. ನಾವು ಎಮ್ಮೆಯನ್ನು ನೋಡಲು ಹೋಗಿದ್ದೆವು. ಅವಳು ನನ್ನನ್ನು ನೋಡಲು ಕುಳಿತಿದ್ದಳು. ಕನ್ಯೆ ನೋಡುವ ಶಾಸ್ತ್ರವೇ ನಡೆಯಿತು ಎನ್ನಿ. ಕೈ ತೋರಿಸೆಂದಳು, ಉಗುರು ನೋಡಿದಳು, ತವರು ಯಾವುದು ಎಂದು ಕೇಳಿದಳು.

"ದನದ ಕೂಡ ಮಾತಾಡ್ತೀಯೇನವಾ?"

"ಮಾತ ನಿಂತರ ನನಗ ಉಸರ ಕಟ್ಟತೈತ್ರಿ" ಎಂದೆ.

"ಅದೊಂದು ಖರೆ" ಎಂದರು ನಮ್ಮ ಮನೆಯವರು, ಪಕ್ಕದಿಂದ.

ನೀಲವ್ವ ನಕ್ಕಳು. ಅವಳ ಮೊಣಕಾಲು ಕೈಕೊಟ್ಟಿದ್ದವು, ಪಂಚಮಿ ಮುಗಿಸಿ ಸಾಲಹಳ್ಳಿಯ ಮಗಳ ಮನೆಗೆ ಹೋಗುವವಳಿದ್ದಳು. ಅಲ್ಲಿ ಎಮ್ಮೆಗೆ ಜಾಗವಿರಲಿಲ್ಲ. ಮುಚ್ಚಿಡದೆ ಎಲ್ಲ ಹೇಳಿದಳು.

"ಈದ ವಾರದಾಗ ಕರಾ ಹೋತು. ಅವತ್ತಿನಿಂದ ನನ್ನ ಸೀರಿ ಮೂಸಿ ನೋಡಿ ಹಾಲ ಬಿಡತೈತಿ. ಮತ್ಯಾರಿಗೂ ಇಲ್ಲ. ಅದಕ್ಕ ಸೀರೀನೂ ಕೊಡತೇನಿ, ಅದನ್ನ ಉಟ್ಟ ಹಿಂಡು. ನಾಕ ದಿನ ಹಾಲ ಬಿಡಲಿಲ್ಲಂದ್ರ ಬತ್ತಿ ಹೋಗತೈತಿ ನೋಡು. ಆಮ್ಯಾಲ ನಾ ಬಂದ್ರೂ ಇಲ್ಲ, ದೇವ್ರ ಬಂದ್ರೂ ಇಲ್ಲ."

ಎಮ್ಮೆ ಮಾರಿದವರು ತಮ್ಮ ಹಳೆಯ ಸೀರೆ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ತವರಿನಲ್ಲಿ ನನ್ನ ಅವ್ವ ಹಾಗೆ ಕೊಟ್ಟದ್ದನ್ನೂ ಕೊಂಡದ್ದನ್ನೂ ನೋಡಿದ್ದೆ. ನೀಲವ್ವ ಒಂದು ಮಾಸಿದ ಕಂದು ಸೀರೆಯನ್ನು ಗಂಟು ಕಟ್ಟಿ ನನ್ನ ಕಂಕುಳಿಗೆ ಕೊಟ್ಟಳು. ಅದನ್ನು ತೊಳೆಯಬಾರದು ಎಂದು ಹೇಳಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಶಾಣಿಯನ್ನು ನಡೆಸಿಕೊಂಡೇ ಬಂದೆವು. ಮುಂದೆ ನಾನು ಹಗ್ಗ ಹಿಡಿದು, ಹಿಂದೆ ನಮ್ಮ ಮನೆಯವರು ಮೋಟರ್ ಸೈಕಲ್ಲಿನ ಮೇಲೆ, ಮದುವೆಯ ಮೆರವಣಿಗೆಯಷ್ಟೇ ನಿಧಾನ. ಜಿಟಿಜಿಟಿ ಮಳೆ ಹಿಡಿದಿತ್ತು. ಎರಡೂ ಕಡೆ ಹೆಸರಿನ ಹೊಲ, ಬಿಡಿಸಲು ಬಂದ ಕಾಯಿ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಮಣವಾಗಿತ್ತು. ನಾನು ಚಪ್ಪಲಿ ಕೈಗೆ ತೆಗೆದುಕೊಂಡು ದಾರಿಯುದ್ದಕ್ಕೂ ಶಾಣಿಗೆ ಊರ ಸುದ್ದಿ ಹೇಳುತ್ತ ಬಂದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಮನೆಯವರು ಓದಿದರೂ ಚಿಂತೆಯಿಲ್ಲ, ಅವರಿಗೆ ಗೊತ್ತು.

ಓಣಿಗೆ ಬಂದೊಡನೆ ಜನ ಕೂಡಿತು. "ಏನ್ರೀ ಸಾವ್ಕಾರ, ಅಂಗಡ್ಯಾಗ ಪಾಕೀಟ ಹಾಲ ಮಾರೂದು, ಮನ್ಯಾಗ ಎಮ್ಮಿ ಕಟ್ಟೂದು!" ಎಂದು ಅವರ ಕಾಲೆಳೆದರು. ಶಾಣಿಯದು ಪಂಢರಪುರಿ ತಳಿ, ಕೋಡು ಹೆಗಲನ್ನೂ ದಾಟಿ ಹಿಂದಕ್ಕೆ ಹೋಗಿವೆ. ಕೊಟ್ಟಿಗೆಯ ಬಾಗಿಲಲ್ಲಿ ಅವು ಹಿಡಿಸುವುದೇ ಇಲ್ಲ ಎಂದು ಎಲ್ಲರೂ ತಮಾಷೆ ನೋಡಲು ನಿಂತರು. ಅವಳು ಬಾಗಿಲನ್ನು ಒಮ್ಮೆ ನೋಡಿದಳು, ಕುತ್ತಿಗೆ ಓರೆ ಮಾಡಿದಳು, ಮೊದಲು ಒಂದು ಕೋಡು, ಆಮೇಲೆ ಇನ್ನೊಂದು ಎಂದು ಒಳಗೆ ನಡೆದುಬಿಟ್ಟಳು. ಶಾಣಿ ಎಂದರೆ ಜಾಣೆ, ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಅತ್ತೆ ಆರತಿ ಮಾಡಿ, ಕೋಡಿಗೆ ಅರಿಶಿನ ಕುಂಕುಮ ಹಚ್ಚಿ, ರೊಟ್ಟಿ ತಿನ್ನಿಸಿದರು.

ಆ ಸಂಜೆ ನಾನು ನೀಲವ್ವನ ಸೀರೆ ಉಟ್ಟುಕೊಂಡೆ. ಶಾಣಿ ನನ್ನ ಸೆರಗನ್ನು ಮೂಸಿದಳು, ಮುಖ ನೋಡಿ ಸ್ವಲ್ಪ ಅನುಮಾನಪಟ್ಟಳು, ಮತ್ತೆ ಸೆರಗನ್ನು ಮೂಸಿದಳು. ಆಮೇಲೆ ಸೊರ್ ಸೊರ್ ಎಂದು ಹಾಲು! ಚರಗಿಯ ಕಂಠದ ತನಕ ನೊರೆ. ಮನೆಯಲ್ಲಿ ಮೂವರೂ ಚಹಾ ಕುಡಿದೆವು. ನಮ್ಮ ಮನೆಯವರು ಒಂದು ಕಪ್ಪು ಮುಗಿಸಿ, ಕಪ್ಪನ್ನು ಮತ್ತೆ ಮುಂದೆ ಚಾಚಿದರು. ನನಗೆ ಅಷ್ಟು ಸಾಕಿತ್ತು.

ಮರುದಿನ ಎದ್ದು ಹಿತ್ತಿಲಿಗೆ ಹೋದರೆ ನೀಲವ್ವನ ಸೀರೆ ಹಗ್ಗದ ಮೇಲೆ ನೀರು ತೊಟ್ಟಿಕ್ಕಿಸುತ್ತ ತೂಗುತ್ತಿದೆ. ಪಕ್ಕದಲ್ಲಿ ಅತ್ತೆ, ಮುಖದ ತುಂಬ ಸಂತೋಷ. ನಮ್ಮ ಅತ್ತೆ ಭಾರಿ ಸ್ವಚ್ಛದವರು. ಸ್ನಾನ, ಲಿಂಗಪೂಜೆ ಆಗದೆ ಬಾಯಲ್ಲಿ ನೀರೂ ಹಾಕುವವರಲ್ಲ.

"ಸುಡು ನೀರಾಗ ಸೋಡಾ ಹಾಕಿ ಕುದಿಸೇನವಾ, ಎರಡ ಸಲ ಸಾಬೂನ ಪುಡಿ ಹಾಕೇನಿ. ಗಂಜೀನೂ ಹಾಕೇನಿ. ಮತ್ತೊಬ್ಬರ ಹೊಲಸ ಸೀರಿ ನೀ ಉಡೂದು ನನಗ ನೋಡಾಕ ಆಗಲಿಲ್ಲ. ನನ್ನ ಸೊಸಿ ಅದಿ ನೀ."

ಮದುವೆಯಾಗಿ ಇಷ್ಟು ದಿನಕ್ಕೆ ಅವರು ಅಷ್ಟು ಬಾಯಿತುಂಬ ನನ್ನನ್ನು ತಮ್ಮವಳೆಂದದ್ದು ಅದೇ ಮೊದಲು. ಸಿಟ್ಟು ಮಾಡುವ ಹಾಗಿಲ್ಲ, ಅಳುವ ಹಾಗಿಲ್ಲ. ಗಂಜಿ ಹಾಕಿದ ಸೀರೆಯನ್ನು ಪರಪರ ಸದ್ದು ಮಾಡುತ್ತ ಉಟ್ಟುಕೊಂಡು ಹೋದೆ. ಶಾಣಿ ಮೂಸಿದಳು, ಸೀನಿದಳು, ಚರಗಿಗೆ ಒಂದು ಒದೆ ಕೊಟ್ಟಳು. ಚರಗಿ ಕೊಟ್ಟಿಗೆಯ ಆಚೆ ಗೋಡೆಗೆ ಬಡಿಯಿತು. ಹಾಲು ಒಂದು ಹನಿಯಿಲ್ಲ.

ಸಂಜೆಗೂ ಇಲ್ಲ, ಮರುದಿನವೂ ಇಲ್ಲ. ಸೀರೆಗೆ ಸಗಣಿ ಸವರಿದೆ, ಹಿಂಡಿ ತಿಕ್ಕಿದೆ, ಮಜ್ಜಿಗೆ ಚಿಮುಕಿಸಿದೆ. ಶಾಣಿ ಪ್ರತಿ ಸಲವೂ ಮೂಸಿ, 'ಯಾರ ಮುಂದೆ ಆಟ ಹೂಡುತ್ತೀ' ಎನ್ನುವ ಹಾಗೆ ಮುಖ ತಿರುಗಿಸುತ್ತಿದ್ದಳು. ವಿಷಯ ತಿಳಿದ ಅತ್ತೆ ಊಟ ಬಿಟ್ಟು ಕುಳಿತರು. "ನನ್ನ ಕೈಗಿ ಬೆಂಕಿ ಹಚ್ಚ" ಎಂದು ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಓಣಿಯವರೊಬ್ಬರು ಉಪಾಯ ಹೇಳಿದರು: "ಒಂದ ಇಂಜೆಕ್ಷನ್ ಚುಚ್ಚಸ್ರಿ, ನಳ ಬಿಟ್ಟಂಗ ಬರತೈತಿ ಹಾಲು." ತವರಿನಲ್ಲಿ ಒಂದು ಎಮ್ಮೆಗೆ ದಿನವೂ ಹಾಗೆ ಚುಚ್ಚಿಸಿ ಅದು ಸೊರಗಿ, ಮತ್ತೆ ಗಬ್ಬ ಕಟ್ಟದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ನಾನು ಬಾಗಿಲಿಗೆ ಅಡ್ಡ ನಿಂತೆ. "ಸೂಜಿ ಹಿಡಕೊಂಡ ಯಾರರ ಕೊಟ್ಟಿಗ್ಯಾಗ ಕಾಲಿಟ್ರ ನಾ ಸುಮ್ನಿರಾಂಗಿಲ್ಲ" ಎಂದೆ.

ನಮ್ಮ ಮನೆಯವರು ಕೂಗಾಡಲಿಲ್ಲ, ಮೆಲ್ಲಗೆ ಹೇಳಿದರು. "ನೋಡ ಶೈಲಾ, ಪಂಚಮಿ ತನಕ ನೋಡೂಣು. ಹಾಲ ಬಿಡಲಿಲ್ಲಂದ್ರ ಬೈಲಹೊಂಗಲ ಸಂತಿಗೆ ಹೊಡಕೊಂಡ ಹೋಗಬೇಕಾಕ್ಕೈತಿ. ಪೂರಾ ಬತ್ತಿದ ಮ್ಯಾಲ ಆಕೀನ್ನ ಯಾರ ತಗೋತಾರ, ಕಸಾಯಿ ದಲಾಲರನ ಬಿಟ್ಟು?"

ಆ ಮಾತಿಗೆ ನನ್ನ ಜೀವ ಹಾರಿಹೋಯಿತು. ಮಗಳನ್ನು ಒಪ್ಪಿಸುವ ಹಾಗೆ ನನ್ನ ಕೈ ನೋಡಿ, ಮಾತು ಕೇಳಿ, ನಂಬಿ ಕೊಟ್ಟ ಜೀವ ಅದು. ನನ್ನ ತಲೆಯಿಂದ ನಾನು ಮಾಡಿದ ಮೊದಲ ಖರೀದಿ. ಅದು ಸಂತೆಗೆ ಹೋದರೆ ಇನ್ನು ಮೇಲೆ ಈ ಮನೆಯಲ್ಲಿ ಒಂದು ಸೌಟು ಕೊಳ್ಳಬೇಕಾದರೂ ನಾನು ಇನ್ನೊಬ್ಬರ ಮುಖ ನೋಡಬೇಕು ಅನ್ನಿಸಿತು.

ಪಂಚಮಿಗೆ ಮುಂಚಿನ ದಿನ ಬೆಳಗ್ಗೆ ನನಗೊಂದು ಯುಕ್ತಿ ಹೊಳೆಯಿತು. ವಾಸನೆ ಹೋದರೆ ಹೋಯಿತು, ದನಿ ಇದೆಯಲ್ಲ! ನೀಲವ್ವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಶಾಣಿಯ ಕಿವಿಯ ಹತ್ತಿರ ಹಿಡಿದೆ.

"ಏ ಶಾಣೀ, ಯವ್ವಾ, ನಿಂದರವ್ವಾ, ಹಾಲ ಬಿಡ ನನ್ನವ್ವ" ಎಂದು ನೀಲವ್ವ ಶುರು ಮಾಡಿದಳು.

ಶಾಣಿಯ ಎರಡೂ ಕಿವಿ ನೆಟ್ಟಗಾದವು. ಫೋನನ್ನು ಮೂಸಿದಳು, ನೆಕ್ಕಿದಳು, ಫೋನಿನ ಹಿಂದೆ ನೀಲವ್ವ ನಿಂತಿರಬಹುದೇ ಎಂದು ಬಗ್ಗಿ ನೋಡಿದಳು. ಅಲ್ಲಿ ಇರಲಿಲ್ಲ. ಆಗ ಒಂದು ಕೂಗು ಹಾಕಿದಳು ನೋಡಿ, ಓಣಿಯೆಲ್ಲ ನಡುಗಿತು. ಮಳೆಗೆ ನೆಲ ಮೆತ್ತಗಾಗಿತ್ತು. ಒಂದೇ ಜಗ್ಗಿಗೆ ಗೂಟ ಕಿತ್ತುಬಂತು. ಕುತ್ತಿಗೆ ಓರೆ ಮಾಡಿ, ಒಂದು ಕೋಡು, ಇನ್ನೊಂದು ಕೋಡು, ಅಷ್ಟೇ! ರಸ್ತೆಗೆ ಬಿದ್ದಳು. ಹಿಂದೆ ಹಗ್ಗ, ಹಗ್ಗದ ಹಿಂದೆ ಗೂಟ, ಗೂಟದ ಹಿಂದೆ ನಾನು.

ಕೈಯಲ್ಲಿದ್ದ ಫೋನಿನಿಂದ ನೀಲವ್ವ ಇನ್ನೂ "ನಿಂದರವ್ವಾ, ನಿಂದರ" ಎನ್ನುತ್ತಲೇ ಇದ್ದಳು.

"ಹೊಂಟಾಳ್ರೀ ನಿಮ್ಮ ಶಾಣಿ!" ಎಂದು ಓಡುತ್ತಲೇ ಕೂಗಿದೆ.

"ಎಲ್ಲಿಗವಾ?"

"ನಿಮ್ಮ ಮನೀಗೇರಿ!"

ಎಮ್ಮೆ ಓಡುವುದಿಲ್ಲ ಎನ್ನುವವರು ಅವತ್ತು ಹೂಲಿಯ ರಸ್ತೆಯಲ್ಲಿ ಇರಬೇಕಾಗಿತ್ತು. ಹೆಸರು ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತು, "ಹಿಡೀಬೇ, ಹಿಡೀ!" ಎಂದು ನನಗೂ, "ಓಡಬೇ!" ಎಂದು ಎಮ್ಮೆಗೂ ಹುರುಪು ಕೊಡುತ್ತಿದ್ದರು. ಚಪ್ಪಲಿ ಒಂದು ಎರೆಯಲ್ಲೇ ಉಳಿಯಿತು. ಗಂಜಿಯ ಸೀರೆ ಮಳೆಗೆ ತೊಯ್ದು ಕಾಲಿಗೆ ಅಂಟಿತು. ಅಳು ಒಂದು ಕಡೆ, ಏದುಸಿರು ಒಂದು ಕಡೆ; ಮನಸ್ಸಿನ ಮೂಲೆಯಲ್ಲಿ ಮಾತ್ರ ಹೀಗೆ ಓಡಿ ಎಷ್ಟು ವರ್ಷವಾಯಿತಲ್ಲ ಎಂಬ ಉಮೇದಿ. ಅರ್ಧ ದಾರಿಯ ಮೇಲೆ ಇಬ್ಬರಿಗೂ ದಮ್ಮು ಕಟ್ಟಿತು. ಆಮೇಲೆ ಅವಳೂ ನಡೆದಳು, ನಾನೂ ನಡೆದೆ, ಹಗ್ಗ ಹಿಡಿಯುವ ಧೈರ್ಯ ಮಾತ್ರ ಆಗಲಿಲ್ಲ.

ನೀಲವ್ವ ಬಾಗಿಲಲ್ಲೇ ನಿಂತಿದ್ದಳು, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಶಾಣಿ ಹೋಗಿ ಅವಳ ಎದೆಗೆ ಮೋರೆ ಒತ್ತಿದಳು.

"ಏನಬೇ, ಕೊಟ್ಟ ಮನಿ ಬಿಟ್ಟ ಬಂದ್ಯಾ? ಪಂಚಮಿ ನಾಳಿಗೈತಿ, ಕರೀಲಿಕ್ಕೆ ಅಣ್ಣ ಬರೂತನಕಾ ತಡೀಲಿಲ್ಲ?"

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆ ಕಟ್ಟುನಿಟ್ಟಿನ ಪದ್ಧತಿ. ನನ್ನ ಅಣ್ಣ ಕರೆಯಲು ಬಂದಾಗ, ಎಮ್ಮೆಯನ್ನು ಬಿಟ್ಟು ಬರುವುದಿಲ್ಲ ಎಂದು ನಾನು ವಾಪಸು ಕಳಿಸಿದ್ದೆ. ಆ ಎಮ್ಮೆ ನೋಡಿದರೆ ತಾನು ತವರಿಗೆ ಬಂದು ನಿಂತಿದೆ! ನನಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿಬಂದು ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ನೀಲವ್ವ ನನ್ನ ಸೆರಗು ಹಿಡಿದು ಮೂಸಿದಳು. ಹುಬ್ಬು ಮೇಲೆ ಹೋದವು. "ಒಗದೀರಿ?"

"ನಮ್ಮ ಅತ್ತಿ..."

"ಗಂಜೀ ಬ್ಯಾರೆ ಹಾಕ್ಯಾರ!" ಎಂದವಳೇ ನಗಲು ಶುರು ಮಾಡಿದಳು. ನಕ್ಕು ನಕ್ಕು ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ಕುಳಿತಳು. "ನನ್ನ ಈ ಸೀರೀಗೆ ಹುಟ್ಟಿದಾಗಿಂದ ಯಾರೂ ಗಂಜಿ ಹಾಕಿದ್ದಿಲ್ಲವಾ. ನಿಮ್ಮ ಅತ್ತೀನ ನಾ ಒಮ್ಮಿ ನೋಡಬೇಕು."

ಆಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ತಾನು ಉಟ್ಟ ಸೀರೆಯನ್ನು ಬಿಚ್ಚಿ ನನಗೆ ಕೊಟ್ಟಳು, ನನ್ನ ಮೈಮೇಲಿನ ಗಂಜಿಯ ಸೀರೆಯನ್ನು ತಾನು ಉಟ್ಟುಕೊಂಡಳು. ಅವಳ ಮೈಯ ಬಿಸಿ ಆ ಸೀರೆಯಲ್ಲಿ ಇನ್ನೂ ಇತ್ತು. ಸುತ್ತಿಕೊಂಡಾಗ ಸುರೇಬಾನದ ಅವ್ವನ ನೆನಪು ಬಂತು.

"ಇದನ್ನ ಒಗೀಬ್ಯಾಡ, ತಿಳೀತಿಲ್ಲೋ? ದಿನಾ ಉಟಗೊ, ಇದರಾಗ ಸಗಣಿ ಬಳಿ, ಇದರಾಗ ಬೆವರು. ನನ್ನ ವಾಸನಿ ಹೋಗೂದ್ರಾಗ ನಿನ್ನ ವಾಸನಿ ಹತ್ತಬೇಕು. ಆಕೀಗೆ ಗೊತ್ತಾಗದಂಗ ಹತ್ತಬೇಕು. ಅವತ್ತ ಶಾಣಿ ಖರೇ ನಿನ್ನಾಕಿ ಆದಳು."

ಅವಳ ಹಳೆಯ ಕೊಟ್ಟಿಗೆಯಲ್ಲೇ ಹಿಂಡಲು ಕುಳಿತೆ. ನೀಲವ್ವ ಹಿಂದೆ ನಿಂತು ಶಾಣಿಯ ಬೆನ್ನು ಸವರುತ್ತಿದ್ದಳು. ಮೊದಲು ಒಂದು ಹನಿ, ಆಮೇಲೆ ಒಂದು ಎಳೆ, ಆಮೇಲೆ ಸೊರ್ ಎಂದು ಚರಗಿಯ ತಳಕ್ಕೆ ಬಡಿದ ಸದ್ದು. ಬತ್ತಿರಲಿಲ್ಲ! ನಾನು ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿಕೊಂಡು ಗಟ್ಟಿಯಾಗಿ ಅತ್ತೆ, ಕೈ ಮಾತ್ರ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಓಣಿಯವರಿಂದ ಸುದ್ದಿ ತಿಳಿದು, ಅಂಗಡಿ ಮುಚ್ಚಿ ಬಂದ ನಮ್ಮ ಮನೆಯವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ನನ್ನ ಬೆನ್ನಿಗೆ ಕೇಳಿದರು: "ಆಯಿ, ನಮ್ಮಾಕಿ ಇತ್ತಾಗ ಬಂದಾಳೇನ್ರಿ?"

ಸೀರೆ ನೋಡಿ ಗಂಡನೇ ಹೆಂಡತಿಯನ್ನು ನೀಲವ್ವ ಎಂದುಕೊಂಡ ಮೇಲೆ, ಎಮ್ಮೆ ಏಮಾರಿದ್ದಕ್ಕೆ ಅದನ್ನು ಏನೂ ಅನ್ನುವ ಹಾಗಿಲ್ಲ ಎಂದು ನೀಲವ್ವ ಇವತ್ತಿಗೂ ಅವರನ್ನು ಕಾಡುತ್ತಾಳೆ.

ಮರುದಿನ ಪಂಚಮಿ. ಮಣ್ಣಿನ ನಾಗಪ್ಪನಿಗೆ ಶಾಣಿಯ ಹಾಲನ್ನೇ ಎರೆದೆವು. ಒಬ್ಬೊಬ್ಬರೂ ಕೊಬ್ಬರಿ ಬಟ್ಟಲಿನಿಂದ ಹಾಲು ಹಾಕುತ್ತ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ತಮ್ಮವರೆಲ್ಲರ ಹೆಸರಿನಲ್ಲಿ ಎರೆಯುವುದು ವಾಡಿಕೆ. ಅತ್ತೆ ತಮ್ಮವರ ಪಾಲೆಲ್ಲ ಮುಗಿಸಿ, ಬಟ್ಟಲನ್ನು ಮತ್ತೊಮ್ಮೆ ಹಾಲಿಗೆ ಅದ್ದಿದರು. "ಹೂಲಿ ನೀಲವ್ವನ ಪಾಲು" ಎಂದರು. ಆಮೇಲೆ ನನ್ನ ಕಡೆ ನೋಡದೆ ಇನ್ನೊಮ್ಮೆ ಎರೆದರು. "ನನ್ನ ಸೊಸಿ ಎಮ್ಮೀ ಪಾಲು."

ನನ್ನ ಸೊಸೆಯ ಎಮ್ಮೆ. ಆ ಮಾತನ್ನು ಕೇಳಲಿಕ್ಕೆಂದೇ ನಾನು ಅಷ್ಟು ಓಡಿದ್ದೆ.

ಹಾಲು ಕೊಳ್ಳಲು ಹೋದವಳಿಗೆ ಏನೇನು ಬಂತು ನೋಡಿ. ಸಾಲಹಳ್ಳಿಯಿಂದ ವಾರವಾರ ಫೋನ್ ಮಾಡಿ, ಮೊದಲು ಶಾಣಿ, ಆಮೇಲೆ ನಾನು ಎಂದು ವಿಚಾರಿಸುವ ಇನ್ನೊಬ್ಬ ಅವ್ವ ಬಂದಳು. ಅವಳೂ ಅತ್ತೆಯೂ ಈಗ ನನ್ನನ್ನು ಬಿಟ್ಟು ತಮ್ಮೊಳಗೇ ತಾಸುಗಟ್ಟಲೆ ಮಾತಾಡುತ್ತಾರೆ. ಅಂಗಡಿಯಲ್ಲಿ ಪಾಕೀಟಿನ ಪಕ್ಕ ನನ್ನ ಮೊಸರಿನ ಗಡಿಗೆ ಕುಳಿತಿದೆ, ಮೊದಲು ಖಾಲಿಯಾಗುವುದು ಅದೇ. ನೀಲವ್ವನ ಆ ಸೀರೆ ಹರಿದು ಚಿಂದಿಯಾಗುವ ತನಕ ಉಟ್ಟೆ. ಒಂದು ದಿನ ಅಂಜುತ್ತ ಅಂಜುತ್ತ ನನ್ನದೇ ಸೀರೆ ಉಟ್ಟು ಹೋದಾಗ ಶಾಣಿ ಮೂಸಿ ಸಹ ನೋಡಲಿಲ್ಲ, ಹಾಲು ಬಿಟ್ಟಳು.

ಮೊನ್ನೆ ನಾನು ಗೂಟದಿಂದ ತೆಗೆದದ್ದು ಅಂಥದೇ ನನ್ನ ಸೀರೆ. ಹೊರಟುನಿಂತ ಮಣಕ ಶಾಣಿಯ ಮಗಳು, ನನ್ನ ಕೈಯಲ್ಲೇ ಬೆಳೆದವಳು, ನಾನು ಬಿಟ್ಟುಬಂದ ಊರಿಗೇ ಹೋಗುವವಳು. ಕೊಡುವ ಮುಂಚೆ ಆ ಹುಡುಗಿಯ ಕೈ ನೋಡಿದ್ದೆ, ದನದ ಕೂಡ ಮಾತಾಡುತ್ತೀಯಾ ಎಂದೂ ಕೇಳಿದ್ದೆ. ಸೀರೆಯನ್ನು ಗಂಟು ಕಟ್ಟಿ ಅವಳ ಕಂಕುಳಿಗೆ ಕೊಟ್ಟೆ. ಹುಡುಗಿ ಅದನ್ನು ಮೂಗಿನ ಹತ್ತಿರ ತಂದು, ತಟ್ಟನೆ ದೂರ ಹಿಡಿದು, ನಾಚಿಕೊಂಡು ಕೇಳಿದಳು.

"ಅಕ್ಕಾರ, ಒಂದ್ಸಲ ಹಂಗ ನೀರಾಗ ಅದ್ದಿ ತಗದ್ರ ನಡೀತೈತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗೆ ಮೊರ ಬಿದ್ದ ಸದ್ದಾಯಿತು. ಅಕ್ಕಿಕಾಳೆಲ್ಲ ಚೆಲ್ಲಿ ಅತ್ತೆ ಬಾಗಿಲಿಗೆ ಓಡಿಬಂದರು, ಎರಡೂ ಕೈ ಮೇಲಕ್ಕೆ ಎತ್ತಿಕೊಂಡು.

"ನೀರ ಮುಟ್ಟಿಸೀ ಅಂದ್ರ ನಮ್ಮ ಮಣಕ ಇಲ್ಲೇ ಬಿಟ್ಟ ಹೋಗವಾ! ಅದು ನನ್ನ ಸೊಸಿ ವಾಸನಿ!"